ಕೊಟ್ಟಿಗೆ ತಪಾಸಣೆ: ಬಂದವರು ಏನು ನೋಡುತ್ತಾರೆ? ಏಕೆ ನೋಡುತ್ತಾರೆ?



ಒಕ್ಕೂಟದ ವೈದ್ಯರಾಗಲಿ ವಿಸ್ತರಣಾಧಿಕಾರಿಯಾಗಲಿ ಕೊಟ್ಟಿಗೆ ನೋಡಲು ಬರುತ್ತಾರೆಂದು ಸಂಘದಲ್ಲಿ ತಿಳಿಸಿದ ಕೂಡಲೇ ಅನೇಕ ಮನೆಗಳಲ್ಲಿ ಗಡಿಬಿಡಿ ಪ್ರಾರಂಭವಾಗುತ್ತದೆ. ನೆಲ ತೊಳೆಯುತ್ತಾರೆ, ರಾಸುಗಳ ಮೈ ತೊಳೆಯುತ್ತಾರೆ, ಸೊರಗಿದ ಹಸುವನ್ನು ಹಿತ್ತಲಿನ ಮರಕ್ಕೆ ಕಟ್ಟುತ್ತಾರೆ. "ಏನು ತಪ್ಪು ಹಿಡಿಯುತ್ತಾರೋ, ಹಾಲು ಬೇಡ ಎನ್ನುತ್ತಾರೋ" ಎಂಬ ಅಂಜಿಕೆ ಇದಕ್ಕೆ ಕಾರಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಅಂಜಿಕೆ ಇಂದಿಗೂ ಪೂರ್ತಿ ಹೋಗಿಲ್ಲ. ಆದುದರಿಂದ ತಪಾಸಣೆ ಎಂದರೇನು, ಅದರಲ್ಲಿ ಏನೇನು ನೋಡಲಾಗುತ್ತದೆ, ಅದರಿಂದ ತಿಳಿಯುವುದೇನು, ತಿಳಿಯದಿರುವುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ತಪಾಸಣೆ ಪರೀಕ್ಷೆಯಲ್ಲ, ಪಾಸು ನಪಾಸು ಎಂಬುದು ಇದರಲ್ಲಿಲ್ಲ. ಕಣ್ಣಿಗೆ ಕಾಣದೆ ಸೋರಿಹೋಗುತ್ತಿರುವ ಹಾಲು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಇದರ ಉದ್ದೇಶ. ಒಂದು ಹಸು ದಿನಕ್ಕೆ ಒಂದೇ ಲೀಟರ್ ಕಡಿಮೆ ಕೊಟ್ಟರೂ 300 ದಿನಗಳ ಕರಾವಿನಲ್ಲಿ 300 ಲೀಟರ್ ನಷ್ಟ. ಈ ನಷ್ಟ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ, ಆದುದರಿಂದ ನಮಗೆ ತಿಳಿಯುವುದಿಲ್ಲ.

ಯಾವಾಗ, ಎಷ್ಟು ಹೊತ್ತು?

ತಪಾಸಣೆಗೆ ಉತ್ತಮವಾದ ಸಮಯ ಹಾಲು ಕರೆಯುವ ಹೊತ್ತು. ಬೆಳಿಗ್ಗೆ ಕರೆಯುವಾಗ ಬಂದರೆ ಹಸು, ಕರೆಯುವವರ ಕೈ, ಪಾತ್ರೆ, ನೆಲ ಎಲ್ಲವೂ ಇದ್ದಂತೆಯೇ ಕಾಣುತ್ತವೆ. ಮೂರು ನಾಲ್ಕು ರಾಸುಗಳಿರುವ ಕೊಟ್ಟಿಗೆಗೆ ಸುಮಾರು ಒಂದು ಗಂಟೆ ಬೇಕು. ಐದು ನಿಮಿಷದಲ್ಲಿ ಮುಗಿದರೆ ಅದು ತಪಾಸಣೆಯಲ್ಲ, ಭೇಟಿ ಮಾತ್ರ.

ಅಂದು ಕೆಳಕಂಡವುಗಳನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ:

1. ಸಂಘದ ಪಾಸ್ ಪುಸ್ತಕ ಅಥವಾ ಕಳೆದ ಹದಿನೈದು ದಿನಗಳ ಹಾಲಿನ ಚೀಟಿಗಳು.
2. ಕೃತಕ ಗರ್ಭಧಾರಣೆಯ ಚೀಟಿಗಳು, ಕರು ಹಾಕಿದ ದಿನಾಂಕ.
3. ಲಸಿಕೆ ಹಾಕಿಸಿದ ವಿವರ.
4. ವಿಮೆ ಮಾಡಿಸಿದ್ದರೆ ಅದರ ಕಾಗದ. ಕಿವಿ ಓಲೆಯ 12 ಅಂಕಿಯ ಸಂಖ್ಯೆ ಕಾಗದದಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಓಲೆ ಬಿದ್ದುಹೋಗಿದ್ದರೆ ಅಂದೇ ತಿಳಿಸಿ. ರಾಸು ಸತ್ತ ಮೇಲೆ ಓಲೆ ಇಲ್ಲವೆಂದರೆ ವಿಮೆ ಹಣ ಕೈಗೆ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು, ಹಾಲು ಕರೆಯುವವರು ಎದುರಿಗೆ ಇರಬೇಕು. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಹಾಲು ಕರೆಯುವುದು, ಸಗಣಿ ಬಾಚುವುದು, ಮೇವು ಹಾಕುವುದು ಹೆಣ್ಣುಮಕ್ಕಳು. ಆದರೆ ಸಾಹೇಬರಿಗೆ ಉತ್ತರ ಹೇಳಲು ಮುಂದೆ ನಿಲ್ಲುವುದು ಯಜಮಾನರು. ಚನ್ನಪಟ್ಟಣ ತಾಲ್ಲೂಕಿನ ಒಂದು ಮನೆಯಲ್ಲಿ ಯಜಮಾನರು "ಹಸು ಚೆನ್ನಾಗಿದೆ, ಏನೂ ತೊಂದರೆಯಿಲ್ಲ" ಎಂದರು. ಬಾಗಿಲ ಬಳಿ ನಿಂತಿದ್ದ ಆ ಮನೆಯ ತಾಯಿ, "ಹಿಂದಿನ ಎಡಗಡೆ ತೊಟ್ಟು ಹತ್ತು ದಿವಸದಿಂದ ಬಿಗಿ ಬರ್ತದೆ ಸ್ವಾಮಿ" ಎಂದರು. ಪರೀಕ್ಷೆ ಮಾಡಿದಾಗ ರೋಗವಿದ್ದುದು ಅದೇ ತೊಟ್ಟಿನಲ್ಲಿ. ಕೈಗೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ.

ಬಂದವರು ಒಳಗೆ ಕಾಲಿಡುವ ಮುನ್ನ

ಬಂದವರ ಬೂಟು ಮತ್ತು ಕೈ ತೊಳೆಯಲು ಒಂದು ಬಕೆಟ್ ನೀರು, ಸೋಪು ಇಡಿ. ಇದು ಮರ್ಯಾದೆಗೆ ಮಾತ್ರವಲ್ಲ. ಅವರು ಬೆಳಗಿನಿಂದ ಹಲವು ಕೊಟ್ಟಿಗೆಗಳನ್ನು ತುಳಿದು ಬಂದಿರುತ್ತಾರೆ. ಕಾಲುಬಾಯಿ ಜ್ವರದ ವಿಷಾಣು ಬೂಟು, ಬಟ್ಟೆ, ವಾಹನದ ಚಕ್ರಗಳ ಮೂಲಕವೂ ಹರಡುತ್ತದೆ. 2013ರಲ್ಲಿ ಈ ಜ್ವರ ನಮ್ಮ ಭಾಗವೂ ಸೇರಿ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. "ಸ್ವಾಮಿ, ಕಾಲು ತೊಳೆದು ಬನ್ನಿ" ಎಂದು ಹೇಳಲು ಸಂಕೋಚ ಬೇಡ. ಇದು ದಲ್ಲಾಳಿಗಳಿಗೂ, ರಾಸು ನೋಡಲು ಬರುವ ನೆಂಟರಿಗೂ ಅನ್ವಯಿಸುತ್ತದೆ.

1. ಕೊಟ್ಟಿಗೆ

ಮೊದಲು ನೋಡುವುದು ನೆಲ. ಒಂದು ಮಿಶ್ರತಳಿ ಹಸುವಿಗೆ ಸುಮಾರು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ನಿಲ್ಲುವ ಜಾಗ ಬೇಕು. ನೆಲ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. 40 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳಿದರೆ ಗಂಜಲ ನಿಲ್ಲದೆ ಮೋರಿಗೆ ಹರಿಯುತ್ತದೆ. ನಮ್ಮ ಕಡೆ ಚಪ್ಪಡಿ ಕಲ್ಲು ಸುಲಭವಾಗಿ ಸಿಗುವುದರಿಂದ ಅದನ್ನೇ ಹಾಸುತ್ತಾರೆ. ಕಲ್ಲು ಬಾಳಿಕೆ ಬರುತ್ತದೆ, ಆದರೆ ನುಣುಪಾದ ಕಲ್ಲಿನ ಮೇಲೆ ಗಬ್ಬದ ಹಸು ಜಾರಿದರೆ ಮತ್ತೆ ಏಳದಿರಬಹುದು. ಕಲ್ಲಿನ ಮೇಲೆ ಉಳಿಯಿಂದ ಗೀರು ಹೊಡೆಸುವುದು ಅಥವಾ ರಬ್ಬರ್ ಹಾಸು ಹಾಕುವುದು ಇದಕ್ಕೆ ಪರಿಹಾರ.

ಬಂದವರು ನಿಮ್ಮ ನೆಲದ ಮೇಲೆ ಮಂಡಿಯೂರಿ ಕೂತರೆ ಆಶ್ಚರ್ಯಪಡಬೇಡಿ. ಮಂಡಿ ನೋಯುತ್ತದೆಯೇ, ಬಟ್ಟೆ ಒದ್ದೆಯಾಗುತ್ತದೆಯೇ ಎಂದು ನೋಡುತ್ತಾರೆ. ನಮ್ಮ ಮಂಡಿಗೆ ನೋವಾದರೆ ನಾಲ್ಕೈದು ನೂರು ಕಿಲೋ ತೂಗುವ ಹಸುವಿನ ಮಂಡಿಗೂ ನೋವಾಗುತ್ತದೆ. ಬಟ್ಟೆ ಒದ್ದೆಯಾದರೆ ಹಸುವಿನ ಕೆಚ್ಚಲೂ ಒದ್ದೆಯಾಗುತ್ತದೆ. ಅಲ್ಲೇ ಬಗ್ಗಿ ಉಸಿರೆಳೆದುಕೊಳ್ಳುತ್ತಾರೆ. ಹಸು ಮಲಗುವ ಎತ್ತರದಲ್ಲಿ ಗಂಜಲದ ಘಾಟು ಕಣ್ಣು ಉರಿಸುವಂತಿದ್ದರೆ ಗಾಳಿ ಸಾಲದು ಎಂದರ್ಥ. ಮನೆಗೆ ಹೊಂದಿಕೊಂಡಂತೆಯೇ, ಒಂದೇ ಸೂರಿನ ಕೆಳಗೆ ಕೊಟ್ಟಿಗೆ ಇರುವ ಕಡೆ ಇದು ಮನೆಯ ಮಕ್ಕಳ ಉಸಿರಿನ ಪ್ರಶ್ನೆಯೂ ಹೌದು. ಎದುರುಬದುರು ಗೋಡೆಯಲ್ಲಿ ಎರಡು ಕಿಂಡಿ ತೆಗೆಸಿದರೆ ಅರ್ಧ ತೊಂದರೆ ಕಳೆಯುತ್ತದೆ.

ಗೋಡೆಯ ಬಿರುಕುಗಳನ್ನು ಟಾರ್ಚ್ ಹಿಡಿದು ನೋಡುತ್ತಾರೆ. ಉಣ್ಣೆ ಹಸುವಿನ ಮೈಮೇಲೆ ಇರುವುದು ಸ್ವಲ್ಪ ಕಾಲ. ಮೊಟ್ಟೆ ಇಡುವುದು ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ. ಮೈಗೆ ಮಾತ್ರ ಔಷಧ ಹಚ್ಚಿ ಬಿರುಕು ಮುಚ್ಚದಿದ್ದರೆ ಕೆಲವೇ ವಾರಗಳಲ್ಲಿ ಉಣ್ಣೆ ಮತ್ತೆ ಬರುತ್ತದೆ. ಮಿಶ್ರತಳಿ ರಾಸುಗಳಿಗೆ ಮಾರಕವಾದ ಥೈಲೇರಿಯಾ ಜ್ವರ ಉಣ್ಣೆಯಿಂದಲೇ ಬರುತ್ತದೆ.

ಬೆಟ್ಟದ ಅಂಚಿನ ಊರುಗಳಲ್ಲಿ ಕೊಟ್ಟಿಗೆಯ ಬಾಗಿಲು ಮತ್ತು ಕಿಂಡಿಯ ಜಾಲರಿಯನ್ನೂ ನೋಡಬೇಕಾಗುತ್ತದೆ. ಮಾಗಡಿ, ರಾಮನಗರ, ಕನಕಪುರದ ಗುಡ್ಡಸಾಲಿನಲ್ಲಿ ಚಿರತೆಗಳಿವೆ. ಕರುವನ್ನು ರಾತ್ರಿ ಬಯಲಲ್ಲಿ ಕಟ್ಟಬಾರದು.

2. ಗೋದಲಿ, ನೀರು ಮತ್ತು ಮೇವು

ಗೋದಲಿಯ ಮೂಲೆಗೆ ಕೈಹಾಕಿ ನೋಡುತ್ತಾರೆ. ಹಳೆಯ ಬೂಸ ಹುಳಿತು ಕೂತಿದ್ದರೆ ಹೊಸ ಮೇವನ್ನೂ ಹಸು ಮೂಸಿ ಬಿಡುತ್ತದೆ. ನೀರಿನ ತೊಟ್ಟಿಯ ಪಾಚಿಯನ್ನೂ ನೋಡುತ್ತಾರೆ. 10 ಲೀಟರ್ ಹಾಲು ಕೊಡುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ದಿನಕ್ಕೆ ಎರಡು ಸಲ ಬಕೆಟ್ ತೋರಿಸಿದರೆ ಸಾಲದು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇರುವುದರಿಂದ, ನೀರು ಕಡಿಮೆಯಾದರೆ ಮೊದಲು ಕಡಿಮೆಯಾಗುವುದು ಹಾಲು.

ಪಶು ಆಹಾರದ ಲೆಕ್ಕ ಕೇಳುತ್ತಾರೆ. ಶರೀರ ಪೋಷಣೆಗೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. 10 ಲೀಟರ್ ಕೊಡುವ ಹಸುವಿಗೆ ಐದೂವರೆ ಕಿಲೋ ಆಯಿತು. ಅನೇಕ ಮನೆಗಳಲ್ಲಿ 10 ಲೀಟರಿನ ಹಸುವಿಗೂ 4 ಲೀಟರಿನ ಹಸುವಿಗೂ ಒಂದೇ ಡಬ್ಬದ ಅಳತೆ ನಡೆಯುತ್ತದೆ. ಹೀಗೆ ಮಾಡಿದರೆ ಒಂದಕ್ಕೆ ಸಾಲದು, ಇನ್ನೊಂದಕ್ಕೆ ದಂಡ. ಡಬ್ಬವನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ. ಖನಿಜ ಮಿಶ್ರಣವನ್ನು ದಿನಕ್ಕೆ 50 ಗ್ರಾಂನಂತೆ ಕೊಡತಕ್ಕದ್ದು.

ರಾಗಿ ಹುಲ್ಲಿನ ಮೆದೆಯ ಒಳಗೆ ಕೈಹಾಕಿ ಒಂದು ಹಿಡಿ ಎಳೆದು ನೋಡುತ್ತಾರೆ. ಮೇಲೆ ಚೆನ್ನಾಗಿದ್ದು ಒಳಗೆ ಬೂಷ್ಟು ಹಿಡಿದಿರುವುದು ಮಳೆಗಾಲದ ನಂತರ ಸಾಮಾನ್ಯ. ಬೂಷ್ಟು ಹಿಡಿದ ಹುಲ್ಲು, ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ಇವುಗಳ ವಿಷ ಹಸುವಿನ ಈಲಿಗೂ ಹಾನಿ, ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ.

ನಮ್ಮ ತಾಲ್ಲೂಕುಗಳಿಗೆ ವಿಶೇಷವಾದ ಎರಡು ಸಂಗತಿಗಳಿವೆ. ಒಂದು ರೇಷ್ಮೆ. ಹುಳು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ, ಸೊಪ್ಪು ರಾಸುಗಳಿಗೆ ಒಳ್ಳೆಯ ಮೇವೇ. ಆದರೆ ಸುಣ್ಣ ಅಥವಾ ಸೋಂಕುನಿವಾರಕ ಪುಡಿ ಎರಚಿದ ಹಾಸಿಗೆಯ ಕಸವನ್ನು ಹಾಕಬಾರದು. ತೋಟಕ್ಕೆ ಕೀಟನಾಶಕ ಹೊಡೆದಿದ್ದರೆ ಆ ಸೊಪ್ಪನ್ನೂ ಹಾಕಬಾರದು. ಎರಡನೆಯದು ಮಾವು. ಸುಗ್ಗಿಯಲ್ಲಿ ಉದುರಿದ ಕಾಯಿಯನ್ನು ಇಡಿಯಾಗಿ ನುಂಗಿದರೆ ಅದು ಗಂಟಲಲ್ಲಿ ಸಿಕ್ಕಿ, ಹೊಟ್ಟೆ ಉಬ್ಬರಿಸಿ, ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಕೊಟ್ಟಿಗೆಯ ಪಕ್ಕ ಮಾವಿನ ಮರವಿದ್ದರೆ ತಪಾಸಣೆಯಲ್ಲಿ ಅದನ್ನೂ ಬರೆದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಹಸುವಿಗೆ ಸುರಿಯುವುದೂ ಅಷ್ಟೇ ಅಪಾಯ. ಹೊಟ್ಟೆಯಲ್ಲಿ ಹುಳಿಯೇರಿ ಹಸು ಕುಸಿಯುತ್ತದೆ.

3. ರಾಸು

ಸಿದ್ಧವಾದ ಕಣ್ಣು ಮೊದಲು ದೂರ ನಿಂತು ನೋಡುತ್ತದೆ. ಮಲಗಿರುವ ಹಸುಗಳಲ್ಲಿ ಅರ್ಧದಷ್ಟಾದರೂ ಮೆಲುಕು ಹಾಕುತ್ತಿರಬೇಕು. ಒಂದು ಉಂಡೆಯನ್ನು 50ರಿಂದ 60 ಬಾರಿ ಅಗಿಯುವುದು ಆರೋಗ್ಯದ ಲಕ್ಷಣ. ನೆರಳಿನಲ್ಲಿದ್ದೂ ನಿಮಿಷಕ್ಕೆ 60 ಸಲಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ ಸೆಕೆಯಿಂದ ಬಳಲುತ್ತಿದೆ ಎಂದು ತಿಳಿಯಬೇಕು. ನಂತರ ಹತ್ತಿರ ಬಂದು ಎಡ ಡೊಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹೊಟ್ಟೆಯ ಚಲನೆ ನೋಡುತ್ತಾರೆ. ಎರಡು ನಿಮಿಷಕ್ಕೆ ಎರಡು ಮೂರು ಸಲ ಕೈಯನ್ನು ತಳ್ಳಬೇಕು. ಜ್ವರ ನೋಡುತ್ತಾರೆ; 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವುದು ಸಹಜ. ಗೊರಸು, ಸಗಣಿಯ ಗಟ್ಟಿತನ, ಸೊಂಟದ ಮೂಳೆಯ ಮೇಲಿನ ಮಾಂಸ ಇವನ್ನೂ ನೋಡುತ್ತಾರೆ.

ನಂತರ ಚೀಟಿ ನೋಡಿ ಲೆಕ್ಕ ಹಾಕುತ್ತಾರೆ. ಕರು ಹಾಕಿ ಎಷ್ಟು ದಿನವಾಯಿತು? ಬೆದೆಗೆ ಬಂದಿದೆಯೇ? ಸೂಜಿ ಹಾಕಿಸಿ 21 ದಿನಕ್ಕೆ ಮತ್ತೆ ಬಂತೇ? ಕರು ಹಾಕಿದ ಎರಡರಿಂದ ಮೂರು ತಿಂಗಳೊಳಗೆ ಗರ್ಭಧಾರಣೆ ಮಾಡಿಸಿ, ಮತ್ತೆರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸತಕ್ಕದ್ದು. ಗಬ್ಬ ಎಂದು ನಂಬಿ ಆರು ತಿಂಗಳು ಸಾಕಿದ ಹಸು ಬರಿದು ಎಂದು ತಿಳಿದಾಗ ಆಗುವ ನಷ್ಟ ಸಣ್ಣದಲ್ಲ.

ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದ ಹಸುವಿದ್ದರೆ ಮುಚ್ಚಿಡಬೇಡಿ. ಅದು ಬ್ರುಸೆಲ್ಲಾ ಎಂಬ ಕಂದು ರೋಗವಿರಬಹುದು. ಮನುಷ್ಯರಿಗೂ ಹರಡಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುವ ರೋಗವಿದು. ಬರಿಗೈಯಲ್ಲಿ ಸತ್ತೆ ತೆಗೆಯುವುದನ್ನು, ಹಸಿ ಹಾಲು ಕುಡಿಯುವುದನ್ನು ನಿಲ್ಲಿಸಬೇಕು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಹಾಕಿಸುವ ಲಸಿಕೆ ಇದೆ.

4. ಕೆಚ್ಚಲು ಮತ್ತು ಹಾಲು

ತಪಾಸಣೆಯ ಹೃದಯ ಭಾಗ ಇದೇ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಕರೆದು ಗರಣೆ ಇದೆಯೇ ಎಂದು ನೋಡುತ್ತಾರೆ. ಬಳಿಕ ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಡಿದು, ಅಷ್ಟೇ ಪ್ರಮಾಣದ ಸಿ.ಎಂ.ಟಿ. ದ್ರಾವಣ ಸೇರಿಸಿ ತಿರುಗಿಸುತ್ತಾರೆ. ಹಾಲು ತೆಳುವಾಗಿಯೇ ಉಳಿದರೆ ಕ್ಷೇಮ. ಲೋಳೆಯಂತೆ ಗಟ್ಟಿಯಾದರೆ ಆ ತೊಟ್ಟಿನಲ್ಲಿ ಒಳಗೊಳಗೇ ಬಾವು ಇದೆ ಎಂದರ್ಥ. ರೋಗದೊಡನೆ ಹೋರಾಡಲು ಬಂದ ರಕ್ತದ ಬಿಳಿ ಕಣಗಳು ಹೆಚ್ಚಾಗಿರುವುದರಿಂದ ಹೀಗೆ ಲೋಳೆಯಾಗುತ್ತದೆ. ಇಂಥ ಹಸುವಿನ ಕೆಚ್ಚಲು ಊದಿರುವುದಿಲ್ಲ, ಹಾಲೂ ನೋಡಲು ಬೆಳ್ಳಗೇ ಇರುತ್ತದೆ. ಆದರೆ ಹಾಲಿನ ಪ್ರಮಾಣವೂ ಎಸ್.ಎನ್.ಎಫ್. ಕೂಡ ಇಳಿಯುತ್ತವೆ. "ನೀರು ಬೆರೆಸಿಲ್ಲ, ಆದರೂ ಡಿಗ್ರಿ ಬರುತ್ತಿಲ್ಲ" ಎಂದು ಸಂಘದಲ್ಲಿ ಜಗಳವಾಡುವ ಸದಸ್ಯರು ಮೊದಲು ಮಾಡಿಸಬೇಕಾದುದು ಈ ಪರೀಕ್ಷೆ.

ಕರೆಯುವ ಕೈಯನ್ನೂ ನೋಡುತ್ತಾರೆ. ಹೆಬ್ಬೆಟ್ಟು ಮಡಚಿ ಕರೆದರೆ ತೊಟ್ಟಿನ ಒಳಗೆ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಲ್ಲಿ ಹಿಡಿದು ಕರೆಯಬೇಕು. ಕೈಗೆ ಎಣ್ಣೆ, ಹಾಲಿನ ನೊರೆ ಹಚ್ಚಿಕೊಳ್ಳುವ ರೂಢಿ ಬಿಡಬೇಕು. ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿಗೆ ಒಂದು ಹಿಡಿ ಮೇವು ಹಾಕಿ ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳಿ. ತೊಟ್ಟಿನ ಕಣ್ಣು ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು.

ಪಾತ್ರೆ ಸ್ಟೀಲಿನದೇ, ಪ್ಲಾಸ್ಟಿಕ್ ಬಿಂದಿಗೆಯೇ, ಸಂದಿಯಲ್ಲಿ ಹಳೆಯ ಹಾಲಿನ ಜಿಡ್ಡು ಇದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಹಾಲಿಗೆ ಚೆನ್ನಾಗಿ ಹೊಂದುತ್ತದೆ. ಒಂದು ಮನೆಯ ಹುಳಿ ಹಾಲು ಸಂಘದ ಶೀತಲೀಕರಣ ಘಟಕಕ್ಕೆ ಬಿದ್ದರೆ, ಊರಿನ ಎಲ್ಲರ ಹಾಲೂ ಅದರೊಂದಿಗೆ ಕೆಡುತ್ತದೆ. ನಿಮ್ಮ ಪಾತ್ರೆ ನಿಮ್ಮೊಬ್ಬರದಲ್ಲ.

5. ಔಷಧದ ಗೂಡು

ಗೋಡೆಯ ಗೂಡಿನಲ್ಲಿ ಉಳಿದಿರುವ ಸೀಸೆ, ಮಾತ್ರೆಗಳನ್ನು ತೋರಿಸಿ ಎಂದರೆ ತೋರಿಸಿ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಔಷಧದ ಮೇಲೆ ಬರೆದಿರುವಷ್ಟು ದಿನ ಸಂಘಕ್ಕೆ ಹಾಕಬಾರದು. ಆ ಹಾಲು ಮೊಸರಾಗುವುದಿಲ್ಲ, ಕುಡಿಯುವ ಮಕ್ಕಳಿಗೆ ಮುಂದೆ ಔಷಧ ನಾಟದಂತಾಗುತ್ತದೆ.

ಎರಡನೆಯದು ನಮ್ಮ ರಾಮದೇವರ ಬೆಟ್ಟಕ್ಕೆ ಸಂಬಂಧಿಸಿದ್ದು. 2012ರಲ್ಲಿ ಇದನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಡೈಕ್ಲೋಫೆನಾಕ್ ಚುಚ್ಚುಮದ್ದು ಪಡೆದು ಸತ್ತ ರಾಸಿನ ಮಾಂಸ ತಿಂದರೆ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಆದುದರಿಂದ ಪಶುಗಳಿಗೆ ಈ ಔಷಧವನ್ನು 2006ರಲ್ಲಿಯೇ ನಿಷೇಧಿಸಲಾಗಿದೆ. ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಔಷಧಗಳನ್ನು 2023ರಲ್ಲಿ ನಿಷೇಧಿಸಲಾಯಿತು. ಮನುಷ್ಯರಿಗೆಂದು ತಂದ ನೋವಿನ ಸೂಜಿಯನ್ನು ಹಸುವಿಗೆ ಹಾಕಿಸಬೇಡಿ. ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಔಷಧ ಲಭ್ಯವಿದೆ; ವೈದ್ಯರನ್ನೇ ಕೇಳಿ.

ತಪಾಸಣೆಯಿಂದ ತಿಳಿಯದಿರುವುದು

ಒಂದು ಗಂಟೆಯ ತಪಾಸಣೆಯಿಂದ ಎಲ್ಲವೂ ತಿಳಿಯುತ್ತದೆಂದು ಭಾವಿಸಬಾರದು. ಸಿ.ಎಂ.ಟಿ. ಪರೀಕ್ಷೆ ಬಾವು ಇದೆ ಎನ್ನುತ್ತದೆಯೇ ಹೊರತು ಯಾವ ರೋಗಾಣು, ಯಾವ ಔಷಧ ಎಂದು ಹೇಳುವುದಿಲ್ಲ. ಅದಕ್ಕೆ ಹಾಲಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಕರು ಹಾಕಿದ ಮೊದಲ ದಿನಗಳಲ್ಲಿ ಮತ್ತು ಹಾಲು ಬತ್ತಿಸುವ ಹೊತ್ತಿನಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಬ್ರುಸೆಲ್ಲಾ ಇದೆಯೇ ಎಂಬುದಕ್ಕೆ ರಕ್ತ ಪರೀಕ್ಷೆ ಬೇಕು. ಹಸು ನುಂಗಿದ ತಂತಿ, ಮೊಳೆ ಹೊರಗಿನಿಂದ ಕಾಣುವುದಿಲ್ಲ. ಇಂದು ಆರೋಗ್ಯವಾಗಿದ್ದ ರಾಸು ನಾಳೆ ಕಾಯಿಲೆ ಬೀಳುವುದಿಲ್ಲ ಎಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು. ನೀವು ಹೇಳದಿದ್ದುದು ಅವರಿಗೆ ತಿಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಹಿತ್ತಲಿನ ಮರಕ್ಕೆ ಕಟ್ಟಿದ ಸೊರಗಿದ ಹಸುವೇ ಅಂದು ವೈದ್ಯರು ನೋಡಬೇಕಾಗಿದ್ದ ಹಸು.

ತಪಾಸಣೆ ಮುಗಿದ ಮೇಲೆ

ಬಾಯಿಮಾತಿನ ಸಲಹೆ ಸಂಜೆಗೆ ಮರೆತುಹೋಗುತ್ತದೆ. ಚೀಟಿಯಲ್ಲಿ ಬರೆದುಕೊಡಲು ಕೇಳಿ. ಸಲಹೆಗಳನ್ನು ಮೂರು ಭಾಗ ಮಾಡಿಕೊಂಡರೆ ಅನುಕೂಲ:

ಇಂದೇ ಮಾಡಬೇಕಾದ್ದು: ಬಾವಿರುವ ತೊಟ್ಟಿನ ಹಾಲನ್ನು ಕೊನೆಗೆ ಬೇರೆ ಪಾತ್ರೆಗೆ ಕರೆಯುವುದು, ಬೂಷ್ಟು ಮೇವು ಹೊರಹಾಕುವುದು, ತೊಟ್ಟಿ ತೊಳೆಯುವುದು. ಇವುಗಳಿಗೆ ಹೆಚ್ಚು ಹಣ ಬೇಕಿಲ್ಲ.

ಈ ತಿಂಗಳಲ್ಲಿ ಮಾಡಬೇಕಾದ್ದು: ಬಿರುಕು ಮುಚ್ಚುವುದು, ಜಂತುಹುಳು ಔಷಧ, ಬಾಕಿ ಲಸಿಕೆ, ಗಬ್ಬ ಪರೀಕ್ಷೆ.

ಹಣ ಒದಗಿದಾಗ ಮಾಡಬೇಕಾದ್ದು: ನೆಲದ ಇಳಿಜಾರು, ಚಾವಣಿ ಎತ್ತರಿಸುವುದು, ರಬ್ಬರ್ ಹಾಸು.

ಮೂರನೆಯ ಭಾಗದ ಪಟ್ಟಿ ನೋಡಿ ಧೈರ್ಯಗೆಡುವ ಅಗತ್ಯವಿಲ್ಲ. ಹೆಚ್ಚಿನ ಕೊಟ್ಟಿಗೆಗಳಲ್ಲಿ ಮೊದಲ ಎರಡು ಭಾಗಗಳನ್ನು ಮುಗಿಸುವುದರಿಂದಲೇ ಹಾಲಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣುತ್ತದೆ. ಸಾಲ ಮಾಡಿ ಹೊಸ ಕೊಟ್ಟಿಗೆ ಕಟ್ಟುವ ಮುನ್ನ ಇರುವ ಕೊಟ್ಟಿಗೆಯ ಕಿಂಡಿ ತೆರೆಯಿರಿ.

ಸಲಹೆ ಅರ್ಥವಾಗದಿದ್ದರೆ "ಏಕೆ ಸ್ವಾಮಿ?" ಎಂದು ಕೇಳುವುದು ಸದಸ್ಯರ ಹಕ್ಕು. ಕಾರಣ ಹೇಳುವುದು ಬಂದವರ ಕರ್ತವ್ಯ. ಹಿಂದಿನ ಚೀಟಿಯನ್ನು ಜೋಪಾನವಾಗಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿ. ಏನು ಸರಿಯಾಯಿತು, ಏನು ಉಳಿಯಿತು ಎಂದು ಇಬ್ಬರಿಗೂ ತಿಳಿಯುತ್ತದೆ.

ಮುಂದಿನ ಬಾರಿ ನಿಮ್ಮ ಸಂಘದಲ್ಲಿ ತಪಾಸಣೆಯ ದಿನ ಗೊತ್ತಾದಾಗ ನೆಲ ತೊಳೆಯುವ ಬದಲು ಹಾಲಿನ ಚೀಟಿಗಳನ್ನು ಹುಡುಕಿಡಿ, ಹಾಲು ಕರೆಯುವವರನ್ನು ಮುಂದೆ ನಿಲ್ಲಿಸಿ, ಕಾಯಿಲೆಯ ಹಸುವನ್ನು ಮೊದಲು ತೋರಿಸಿ.

— ಪಶುವೈದ್ಯ ವಿಸ್ತರಣಾಧಿಕಾರಿ